ಜಂಕ್ಷನ್ ಡಿಕ್ಕಿ ತಪ್ಪಿಸುವ ವಾಹನ ಸಂವಹನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ರಸ್ತೆ ಕೂಡುವಲ್ಲಿ ವಾಹನಗಳು ತಮ್ಮ ಜಾಗ, ವೇಗ, ದಿಕ್ಕನ್ನು ರೇಡಿಯೊ ಮೂಲಕ ಹೇಳಿಕೊಂಡು ಡಿಕ್ಕಿ ತಪ್ಪಿಸುವ ವ್ಯವಸ್ಥೆಗೆ ವಿ2ಎಕ್ಸ್ ಎಂದು ಹೆಸರು. ಕಾರು ಕೊಳ್ಳುವವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಸಿಗ್ನಲ್ ನೋಡಿಕೊಳ್ಳುವವರು ಇದರ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಸುಲಭದವು ಮೊದಲು, ಕಂಬ ಹತ್ತಿ ಕೆಲಸ ಮಾಡುವವರಿಗೆ ಬೇಕಾದವು ಆಮೇಲೆ.

## ಮೊದಲ ಪ್ರಶ್ನೆಗಳು

ಗಾಡಿಗಳು ಒಂದಕ್ಕೊಂದು ಮಾತಾಡ್ತವೆ ಅಂತಾರಲ್ಲ, ನಿಜವಾಗಿ ಏನು ಕಳಿಸ್ತವೆ?

ಪ್ರತಿ ವಾಹನವೂ ಸೆಕೆಂಡಿಗೆ ಹತ್ತು ಸಲ ಒಂದು ಪುಟ್ಟ ಸಂದೇಶವನ್ನು ಸುತ್ತಲೂ ಬಿತ್ತರಿಸುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ವೇಗ, ಮುಖ ಮಾಡಿರುವ ದಿಕ್ಕು, ವೇಗ ಏರುತ್ತಿದೆಯೋ ಇಳಿಯುತ್ತಿದೆಯೋ, ಬ್ರೇಕ್ ಒತ್ತಿದೆಯೇ, ವಾಹನದ ಉದ್ದ ಅಗಲ ಎಷ್ಟು ಎಂಬುದು ಅದರೊಳಗಿರುತ್ತದೆ. ಡಿಜಿಟಲ್ ಸಹಿಯೂ ಸೇರಿ 300ರಿಂದ 400 ಬೈಟ್. ಇಂಥವರಿಗೇ ಎಂದು ಕಳಿಸುವುದಿಲ್ಲ, ಉತ್ತರಕ್ಕೂ ಕಾಯುವುದಿಲ್ಲ. ಕೇಳಿಸಿಕೊಂಡ ವಾಹನ ತನ್ನ ಲೆಕ್ಕವನ್ನು ತಾನೇ ಹಾಕಿಕೊಳ್ಳುತ್ತದೆ.

ಅಮೆರಿಕದಲ್ಲಿ ಈ ಸಂದೇಶದ ರೂಪವನ್ನು ಎಸ್‌ಎಇ ಜೆ2735 ಎಂಬ ಮಾನಕ ಗೊತ್ತುಮಾಡಿದೆ. ಯೂರೋಪಿನ ಮಾನಕದಲ್ಲಿ ವಾಹನ ಎಷ್ಟು ಚಲಿಸುತ್ತಿದೆ, ತಿರುಗುತ್ತಿದೆ ಎಂಬುದರ ಮೇಲೆ ಸೆಕೆಂಡಿಗೆ ಒಂದರಿಂದ ಹತ್ತು ಸಲ ಹೋಗುತ್ತದೆ. ಜಂಕ್ಷನ್ ಕಡೆಯಿಂದ ಬರುವ ಸಂದೇಶಗಳು ಎರಡು: ಯಾವ ದಿಕ್ಕಿಗೆ ಹಸಿರು, ಇನ್ನೆಷ್ಟು ಹೊತ್ತು ಎಂದು ಹೇಳುವ 'ಸ್ಪಾಟ್', ಜಂಕ್ಷನ್‌ನ ಲೇನ್‌ಗಳ ಜ್ಯಾಮಿತಿ ಹೇಳುವ 'ಮ್ಯಾಪ್'.

ಕ್ಯಾಮೆರಾ, ರಾಡಾರ್ ಇರೋ ಕಾರು ಈಗಲೇ ತಾನಾಗಿ ಬ್ರೇಕ್ ಹಾಕುತ್ತೆ. ಮತ್ತೆ ಇದೇಕೆ?

ಕ್ಯಾಮೆರಾಗೂ ರಾಡಾರ್‌ಗೂ ಎದುರಿನದು ಕಂಡರೆ ಮಾತ್ರ ಕೆಲಸ. ನಮ್ಮ ಊರುಗಳ ಕ್ರಾಸ್‌ಗಳಲ್ಲಿ ಮೂಲೆ ಸೈಟಿನ ಕಾಂಪೌಂಡು ರಸ್ತೆಯಂಚಿಗೇ ಬಂದಿರುತ್ತದೆ. ಅದರ ಮುಂದೆ ಒಂದು ಟೆಂಪೋ ನಿಂತಿರುತ್ತದೆ. ಅಡ್ಡರಸ್ತೆಯ ಬೈಕು ಕಾಣಿಸುವ ಹೊತ್ತಿಗೆ ಹತ್ತು ಹದಿನೈದು ಮೀಟರ್ ಉಳಿದಿದ್ದರೆ ಹೆಚ್ಚು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಾಲಕ ನೋಡಿ, ಬ್ರೇಕ್ ಒತ್ತಿ, ನಿಲ್ಲಲು ಹತ್ತಿರ ಹತ್ತಿರ 29 ಮೀಟರ್ ಬೇಕು. ರೇಡಿಯೊ ಅಲೆ ಮೂಲೆ ದಾಟಿ ಬರುವುದರಿಂದ ಆ ಕೊರತೆ ತುಂಬುತ್ತದೆ.

ಹಾಗೆಂದು ಒಂದಿದ್ದರೆ ಇನ್ನೊಂದು ಬೇಡ ಎಂದಲ್ಲ. ಹೊಸ ಕಾರುಗಳ ಸುರಕ್ಷತೆ ಅಳೆಯುವ ಯೂರೋ ಎನ್‌ಕ್ಯಾಪ್ 2020ರಿಂದ ಜಂಕ್ಷನ್ ತಿರುವಿನಲ್ಲಿ ತಾನಾಗಿ ಬ್ರೇಕ್ ಹಾಕುವುದನ್ನು ಪರೀಕ್ಷಿಸುತ್ತಿದೆ. ಮೂರು ಸೆಕೆಂಡ್ ಮುಂಚಿನ ಎಚ್ಚರಿಕೆ ರೇಡಿಯೊದ್ದು, ಕೊನೆಯ ಒಂದು ಸೆಕೆಂಡಿನ ಬ್ರೇಕ್ ಕಣ್ಣಿರುವ ಸೆನ್ಸರ್‌ನದ್ದು. ರೇಡಿಯೊ ಸಂದೇಶವೊಂದನ್ನೇ ನಂಬಿ ಪೂರ್ತಿ ಬ್ರೇಕ್ ಹಾಕಿಸುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲ. ಹಿಂದಿನಿಂದ ಬರುವವನು ಗುದ್ದುತ್ತಾನೆ.

ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಒಂದು ಆ್ಯಪ್ ಮಾಡಿದ್ರೆ ಸಾಕಲ್ವಾ?

ಸಾಲದು. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಜಾಗ ಕೊಡುತ್ತದೆ. ಅಷ್ಟರಲ್ಲಿ 40 ಕಿ.ಮೀ. ವೇಗದ ಬೈಕು 11 ಮೀಟರ್ ಹೋಗಿರುತ್ತದೆ. ಸಂದೇಶ ಟವರ್‌ಗೆ ಹೋಗಿ, ಸರ್ವರ್ ಮುಟ್ಟಿ, ಇನ್ನೊಂದು ಕಂಪನಿಯ ಜಾಲದಿಂದ ಇಳಿಯಬೇಕು. ಈ ತಡ ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ; ಆ ಏರುಪೇರೇ ತೊಂದರೆ. ಜೇಬಿನಲ್ಲಿದ್ದಾಗ ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸಿಬಿಡುತ್ತದೆ. ಮುಂದೆ ಅಪಘಾತ ಹೆಚ್ಚಿರುವ ಜಾಗ ಬರುತ್ತಿದೆ ಎಂದು ಹೇಳಿಸಲು ಆ್ಯಪ್ ಚೆನ್ನ. ಇನ್ನು ಎರಡೂವರೆ ಸೆಕೆಂಡಿಗೆ ಎಡದಿಂದ ಲಾರಿ ಬರುತ್ತದೆ ಎಂದು ಹೇಳಿಸಲು ಆಗದು.

ಎಚ್ಚರಿಕೆ ಎಷ್ಟು ಮುಂಚೆ ಬರಬೇಕು?

ಚಾಲಕ ಬೆಚ್ಚಿ ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್, ಒಣ ಡಾಂಬರಿನ ಮೇಲೆ ಗಟ್ಟಿಯಾದರೂ ಸಹಜವಾದ ಬ್ರೇಕಿಗೆ ಪ್ರತಿ ಸೆಕೆಂಡಿಗೆ 5 ಮೀ/ಸೆ ವೇಗ ಇಳಿಕೆ ಎಂದು ಹಿಡಿಯಿರಿ. 60 ಕಿ.ಮೀ. ವೇಗದಲ್ಲಿ ಮೊದಲ ಭಾಗಕ್ಕೆ 25 ಮೀಟರ್, ಎರಡನೆಯದಕ್ಕೆ 28, ಒಟ್ಟು 53. 80 ಕಿ.ಮೀ.ಗೆ 83 ಮೀಟರ್. ಸೆನ್ಸರ್, ಸಂಸ್ಕರಣೆ, ರೇಡಿಯೊ, ಬೀಪ್ ಎಲ್ಲ ಸೇರಿ 0.3 ಸೆಕೆಂಡ್ ತಡವಾದರೆ 60ರಲ್ಲಿ ಇನ್ನೊಂದು 5 ಮೀಟರ್ ಸೇರಿಸಿ. ಮಳೆಯಲ್ಲಿ ಬ್ರೇಕಿನ ಪಾಲು ಸುಲಭವಾಗಿ ಕಾಲು ಭಾಗ ಹೆಚ್ಚುತ್ತದೆ.

ತುಂಬ ಮುಂಚೆ ಕೂಗಿಸಿದರೆ ಹೇಗೂ ನಿಲ್ಲಿಸಲಿದ್ದ ಚಾಲಕನಿಗೂ ಕೂಗುತ್ತದೆ. ಹತ್ತು ಸಲ ಸುಮ್ಮನೆ ಕೂಗಿದ ಅಲಾರ್ಮನ್ನು ಹನ್ನೊಂದನೆಯ ಸಲ ಯಾರೂ ಲೆಕ್ಕಕ್ಕಿಡುವುದಿಲ್ಲ. ಹಾಗಾಗಿ ಒಳ್ಳೆಯ ವ್ಯವಸ್ಥೆ ದೂರದಲ್ಲಿ ಪರದೆಯ ಮೇಲೆ ಬರೀ ಬಾಣ ತೋರಿಸುತ್ತದೆ. ಬ್ರೇಕ್ ಒತ್ತಿಲ್ಲ, ವೇಗ ಇಳಿದಿಲ್ಲ ಎಂದು ಖಚಿತವಾದ ಮೇಲೆಯೇ ಸದ್ದು ಮಾಡುತ್ತದೆ.

ಯಾವ ಥರದ ಡಿಕ್ಕಿಗೆ ಇದು ಉಪಯೋಗ, ಯಾವುದಕ್ಕೆ ಅಲ್ಲ?

ಅಡ್ಡರಸ್ತೆಯಿಂದ ನೇರ ನುಗ್ಗುವ ವಾಹನ, ಎದುರಿನಿಂದ ಬರುವವರನ್ನು ಕಾಣದೆ ಬಲಕ್ಕೆ ತಿರುಗುವುದು, ಕೆಂಪು ದೀಪ ದಾಟುವುದು: ಈ ಮೂರಕ್ಕೆ ಹೇಳಿ ಮಾಡಿಸಿದ್ದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ನ್ಹಾಟ್ಸಾ 2014ರಲ್ಲಿ ಹಾಕಿದ ಅಂದಾಜಿನಂತೆ, ಅಡ್ಡ ಬರುವ ವಾಹನದ ಎಚ್ಚರಿಕೆ ಮತ್ತು ಎಡತಿರುವಿನ ನೆರವು, ಈ ಎರಡೇ ಸೇರಿ ಆ ದೇಶದಲ್ಲಿ ವರ್ಷಕ್ಕೆ 5,92,000 ಅಪಘಾತಗಳವರೆಗೆ ತಪ್ಪಿಸಿ, 1,083 ಜೀವಗಳವರೆಗೆ ಉಳಿಸಬಲ್ಲವು. ಅಲ್ಲಿನ ಎಡತಿರುವು ನಮ್ಮ ಬಲತಿರುವು. ಹೆಚ್ಚುಕಡಿಮೆ ಎಲ್ಲ ವಾಹನಕ್ಕೂ ಉಪಕರಣ ಬಂದ ಮೇಲಿನ ಲೆಕ್ಕ ಅದು ಎಂಬುದನ್ನು ಮರೆಯಬಾರದು.

ಉಪಕರಣವಿಲ್ಲದ ಪಾದಚಾರಿ, ದನ, ಕತ್ತಲಲ್ಲಿ ಲೈಟಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರ್: ಇವು ರೇಡಿಯೊಗೆ ಕಾಣುವುದೇ ಇಲ್ಲ.

## ಒಳಗಿನ ಲೆಕ್ಕ

ಡಿಕ್ಕಿ ಆಗುತ್ತೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?

ಎರಡೂ ವಾಹನಗಳ ದಾರಿಯನ್ನು ಮುಂದಕ್ಕೆ ಎಳೆದು, ಅವು ಒಂದನ್ನೊಂದು ಕಡಿಯುವ ಚೌಕವನ್ನು ಗುರುತಿಸಲಾಗುತ್ತದೆ. ಕಾರು ಆ ಚೌಕದಿಂದ 50 ಮೀಟರ್ ದೂರ, 60 ಕಿ.ಮೀ. ವೇಗ: 3.0 ಸೆಕೆಂಡಿಗೆ ಬರುತ್ತದೆ. ಬೈಕು 33 ಮೀಟರ್ ದೂರ, 40 ಕಿ.ಮೀ. ವೇಗ: 2.97 ಸೆಕೆಂಡ್. ಎರಡೂ ಒಟ್ಟಿಗೆ ಅಲ್ಲಿರುತ್ತವೆ, ಅಪಾಯ.

ಬರುವ ಹೊತ್ತನ್ನಷ್ಟೇ ಹೋಲಿಸಿದರೆ ತಪ್ಪಾಗುತ್ತದೆ. ಚೌಕದೊಳಗೆ ಮೂಗು ಹೋದ ಕ್ಷಣದಿಂದ ಬಾಲ ಹೊರಬರುವ ಕ್ಷಣದವರೆಗಿನ ಅವಧಿ ಬೇಕು. 12 ಮೀಟರ್ ಉದ್ದದ ಬಸ್ಸು 20 ಕಿ.ಮೀ. ವೇಗದಲ್ಲಿ 4 ಮೀಟರ್ ಚೌಕ ದಾಟಲು ಹೆಚ್ಚುಕಡಿಮೆ 2.9 ಸೆಕೆಂಡ್ ತೆಗೆದುಕೊಳ್ಳುತ್ತದೆ. ಬೈಕಿಗೆ 40ರಲ್ಲಿ ಅರ್ಧ ಸೆಕೆಂಡ್ ಸಾಕು. ಈ ಎರಡು ಅವಧಿಗಳು ಒಂದರ ಮೇಲೊಂದು ಬಿದ್ದರೆ, ಅಥವಾ ನಡುವಿನ ಅಂತರ ಒಂದು ಸೆಕೆಂಡಿಗಿಂತ ಕಡಿಮೆಯಾದರೆ ಎಚ್ಚರಿಸುವುದು ವಾಡಿಕೆ. ಉದ್ದ ಅಗಲವನ್ನು ತಪ್ಪಾಗಿ ತುಂಬಿಸಿದ ಉಪಕರಣ ಇಲ್ಲೇ ಕೈಕೊಡುತ್ತದೆ. ಕಾರಿನ ಉಪಕರಣವನ್ನು ಬಿಚ್ಚಿ ಬಸ್ಸಿಗೆ ಹಾಕಿ, ಒಳಗಿನ ಅಳತೆ ಬದಲಿಸದೆ ಬಿಟ್ಟರೆ ಬಸ್ಸಿನ ಹಿಂದಿನ ಏಳೆಂಟು ಮೀಟರ್ ಲೆಕ್ಕದಲ್ಲೇ ಇರುವುದಿಲ್ಲ.

ಜಿಪಿಎಸ್ಸೇ ಐದು ಹತ್ತು ಮೀಟರ್ ತಪ್ಪು ತೋರಿಸುತ್ತಲ್ಲ, ಅದನ್ನ ನಂಬಿ ಏನು ಮಾಡೋದು?

ಈ ಇಡೀ ವಿಷಯದ ಕಷ್ಟ ಇರುವುದೇ ಇಲ್ಲಿ. ರೇಡಿಯೊವನ್ನು ದುಡ್ಡು ಕೊಟ್ಟು ಕೊಳ್ಳಬಹುದು. ನಂಬಬಹುದಾದ ಜಾಗ, ನಕ್ಷೆ, ಸಮಯವನ್ನು ಕಷ್ಟಪಟ್ಟು ಸಾಧಿಸಬೇಕು. ಎಸ್‌ಎಇ ಜೆ2945/1 ಮಾನಕ ಬಯಲಾಕಾಶದಡಿ ಒಂದೂವರೆ ಮೀಟರ್ ಒಳಗಿನ ನಿಖರತೆ ಕೇಳುತ್ತದೆ. ಬಯಲಲ್ಲಿ ಅದು ಸಾಧ್ಯ. ಎತ್ತರದ ಗಾಜಿನ ಕಟ್ಟಡಗಳ ನಡುವೆ ಉಪಗ್ರಹದ ಅಲೆ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ರಿಸೀವರ್ ಮೋಸಹೋಗುತ್ತದೆ.

ಪರಿಹಾರಗಳು ಒಂದರ ಮೇಲೊಂದು ಸೇರಬೇಕು: ಎರಡು ತರಂಗಾಂತರ ಹಿಡಿಯುವ ರಿಸೀವರ್, ಭಾರತದಲ್ಲಾದರೆ ಜಿಪಿಎಸ್ ತಪ್ಪನ್ನು ತಿದ್ದುವ ಗಗನ್ ಸೇವೆ ಮತ್ತು ನಮ್ಮದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ನ 1176.45 ಮೆಗಾಹರ್ಟ್ಸ್ ಅಲೆ, ಚಕ್ರದ ವೇಗ ಮತ್ತು ತಿರುವು ಅಳೆಯುವ ಗೈರೋ ಸೇರಿಸಿದ ಲೆಕ್ಕ. ಉಪಗ್ರಹ ಕೆಲವು ಸೆಕೆಂಡ್ ಕಾಣದಿದ್ದರೂ ಚಕ್ರ, ಗೈರೋ ಎರಡೂ ಜಾಗವನ್ನು ಹಿಡಿದಿಡುತ್ತವೆ. ಆಂಟೆನಾ ವಾಹನದಲ್ಲಿ ಎಲ್ಲಿದೆ ಎಂಬ ಅಂತರವನ್ನೂ ಕಳೆಯಬೇಕು, ಏಕೆಂದರೆ ಸಂದೇಶದಲ್ಲಿ ಹೋಗಬೇಕಾದದ್ದು ವಾಹನದ ನಡುಬಿಂದು.

ಇನ್ನೊಂದು ಹಳೆಯ ತೊಂದರೆ ದಿಕ್ಕಿನದ್ದು. ನಿಂತ ವಾಹನಕ್ಕೆ ಜಿಪಿಎಸ್ ಕೊಡುವ ದಿಕ್ಕು ಸುಮ್ಮನೆ ಗಿರಗಿರ ತಿರುಗುತ್ತದೆ. ಸಿಗ್ನಲ್‌ನಲ್ಲಿ ನಿಂತ ಕಾರು ಒಮ್ಮೆ ಉತ್ತರಕ್ಕೆ, ಒಮ್ಮೆ ಪೂರ್ವಕ್ಕೆ ಹೊರಟಂತೆ ಕಂಡು ಸುತ್ತಲಿನವರಿಗೆಲ್ಲ ಸುಳ್ಳು ಎಚ್ಚರಿಕೆ ಹೋಗುತ್ತದೆ. ವೇಗ ಸೆಕೆಂಡಿಗೆ ಒಂದು ಮೀಟರ್‌ಗಿಂತ ಇಳಿದಾಗ ಕೊನೆಯ ನಂಬುವಂಥ ದಿಕ್ಕನ್ನೇ ಹಿಡಿದುಕೊಳ್ಳಬೇಕು.

ಫ್ಲೈಓವರ್ ಮೇಲೆ ಹೋಗೋ ಗಾಡಿ, ಕೆಳಗಿನ ಸರ್ಕಲ್‌ನಲ್ಲಿ ಇರೋ ಗಾಡಿ: ಸುಮ್ಮನೆ ಅಲಾರ್ಮ್ ಹೊಡೆಯೋಲ್ವಾ?

ಹೊಡೆಯುತ್ತದೆ, ಎಚ್ಚರ ವಹಿಸದಿದ್ದರೆ. ಉಪಗ್ರಹ ಹೇಳುವ ಎತ್ತರ ಅಡ್ಡಳತೆಗಿಂತ ಹೆಚ್ಚು ತಪ್ಪುತ್ತದೆ. ಫ್ಲೈಓವರ್ ಐದಾರು ಮೀಟರ್ ಮೇಲಿದ್ದರೆ ಆ ತಪ್ಪೇ ಅಷ್ಟಿರಬಹುದು. ಹಾಗಾಗಿ ಎತ್ತರವೊಂದನ್ನೇ ನಂಬದೆ ವಾಹನ ನಡೆದುಬಂದ ದಾರಿಯನ್ನು ನೋಡಬೇಕು. ಸಂದೇಶದಲ್ಲಿ ಹಿಂದಿನ ಇನ್ನೂರು ಮುನ್ನೂರು ಮೀಟರ್‌ನ ಜಾಡೂ ಇರುತ್ತದೆ. ರ‍್ಯಾಂಪ್ ಹತ್ತಿದ ಜಾಡಿದ್ದರೆ ಅದು ಮೇಲಿನದು.

ಮೂಲೆಯಲ್ಲಿ ನಾಲ್ಕಂತಸ್ತಿನ ಕಟ್ಟಡ ಇದ್ರೆ ರೇಡಿಯೊ ಅದನ್ನ ದಾಟುತ್ತಾ?

ಕಟ್ಟಡದೊಳಗಿಂದ ದಾಟುವುದಿಲ್ಲ ಎಂದೇ ಇಟ್ಟುಕೊಳ್ಳಿ. 5.9 ಗಿಗಾಹರ್ಟ್ಸ್ ಅಲೆಯ ಉದ್ದ 5 ಸೆಂಟಿಮೀಟರ್. ಅದು ಮೂಲೆಯಲ್ಲಿ ಸ್ವಲ್ಪ ಬಾಗುತ್ತದೆ, ಎದುರು ಗೋಡೆಗೆ ತಾಗಿ ಹಿಂದಿರುಗುತ್ತದೆ. ನೇರ ರಸ್ತೆಯಲ್ಲಿ ಹಲವು ನೂರು ಮೀಟರ್ ಮುಟ್ಟುವ ಸಂದೇಶ ಮೂಲೆಯಾಚೆ ನೂರರ ಆಸುಪಾಸಿಗೆ ಕುಸಿಯುವುದು ಸಾಮಾನ್ಯ. ನಗರದ ವೇಗಕ್ಕೆ ಅಷ್ಟು ಸಾಕು. ಹೆದ್ದಾರಿಗೆ ಹಳ್ಳಿರಸ್ತೆ ಬಂದು ಸೇರುವಲ್ಲಿ 80ರ ವೇಗಕ್ಕೆ ಸಾಲದೆ ಹೋಗಬಹುದು.

ಜಪಾನ್ ಇದಕ್ಕೆಂದೇ 760 ಮೆಗಾಹರ್ಟ್ಸ್ ಆರಿಸಿಕೊಂಡಿತು. ಮುಕ್ತ ದಾರಿಯ ಲೆಕ್ಕದಲ್ಲೇ ಅದಕ್ಕೆ 5.9ಕ್ಕಿಂತ ಸುಮಾರು 18 ಡೆಸಿಬೆಲ್ ಅನುಕೂಲ, ಮೂಲೆಯಲ್ಲಿ ಬಾಗುವುದೂ ಚೆನ್ನ. ಉಳಿದವರಿಗೆ ಇರುವ ಮದ್ದು, ನಾಲ್ಕೂ ರಸ್ತೆ ಕಾಣುವಂತೆ ಜಂಕ್ಷನ್ ಕಂಬದ ಮೇಲೆ ಒಂದು ರಸ್ತೆಬದಿ ಘಟಕ, ಅಂದರೆ ಆರ್‌ಎಸ್‌ಯು.

ಒಂದೇ ಸಿಗ್ನಲ್‌ನಲ್ಲಿ ಮುನ್ನೂರು ಬೈಕ್ ನಿಂತಿರ್ತವೆ. ಎಲ್ಲಾ ಒಟ್ಟಿಗೆ ಕೂಗಿದ್ರೆ ಏನಾಗುತ್ತೆ?

ಚಾನೆಲ್ ಕಟ್ಟಿಕೊಳ್ಳುತ್ತದೆ. 10 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ, ಸೆಕೆಂಡಿಗೆ 6 ಮೆಗಾಬಿಟ್ ದರದಲ್ಲಿ 350 ಬೈಟ್ ಕಳಿಸಲು ಅರ್ಧ ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ ಹತ್ತು ಸಲ ಎಂದರೆ ವಾಹನವೊಂದಕ್ಕೆ 5 ಮಿಲಿಸೆಕೆಂಡ್. ಕಾಗದದ ಮೇಲೆ 200 ವಾಹನಕ್ಕೆ ಚಾನೆಲ್ ಭರ್ತಿ. ಸಂದೇಶಗಳು ಒಂದರ ಮೇಲೊಂದು ಬಿದ್ದು ಹಾಳಾಗುವುದು ಅದಕ್ಕಿಂತ ಬಹಳ ಮುಂಚೆಯೇ ಶುರು.

ಆದ್ದರಿಂದ ಚಾನೆಲ್ ಎಷ್ಟು ತುಂಬಿದೆ ಎಂದು ಪ್ರತಿ ಉಪಕರಣವೂ ಅಳೆದು ತನ್ನ ಸರದಿಯನ್ನು ತಗ್ಗಿಸಿಕೊಳ್ಳುತ್ತದೆ. ನಿಂತ ವಾಹನ ಸೆಕೆಂಡಿಗೆ ಎರಡು ಸಲ ಹೇಳಿದರೂ ನಷ್ಟವಿಲ್ಲ, ಬ್ರೇಕ್ ಒತ್ತಿದ ವಾಹನ ಮಾತ್ರ ತಡೆಯದೆ ಹೇಳಬೇಕು. ಅಮೆರಿಕ, ಯೂರೋಪಿನ ದರ ನಿಯಂತ್ರಣದ ಮಿತಿಗಳನ್ನು ಗೊತ್ತುಮಾಡಿದ್ದು ಕಾರುಗಳೇ ಹೆಚ್ಚಿರುವ ರಸ್ತೆ ನೋಡಿ. ದ್ವಿಚಕ್ರ ವಾಹನ ತುಂಬಿದ ನಮ್ಮ ಸರ್ಕಲ್‌ಗಳಿಗೆ ಅವನ್ನು ಮತ್ತೆ ಅಳೆದು ಹೊಂದಿಸಬೇಕು.

ಬೈಕಿನ ಆಂಟೆನಾಗೆ ಸವಾರನ ಮೈಯೇ ಅಡ್ಡ ಬರುತ್ತದೆ. ಮುಂದೊಂದು ಹಿಂದೊಂದು ಆಂಟೆನಾ ಇಟ್ಟರೆ ಮಾತ್ರ ಸುತ್ತಲೂ ಸಮನಾಗಿ ಕೇಳಿಸುತ್ತದೆ.

ಡಿಎಸ್‌ಆರ್‌ಸಿ ಒಳ್ಳೆಯದಾ, ಸಿ-ವಿ2ಎಕ್ಸ್ ಒಳ್ಳೆಯದಾ?

ಡಿಎಸ್‌ಆರ್‌ಸಿ ವೈಫೈ ಕುಟುಂಬದ್ದು, ಐಇಇಇ 802.11ಪಿ ಆಧರಿಸಿದ್ದು. ಸಿ-ವಿ2ಎಕ್ಸ್ ಮೊಬೈಲ್ ಕುಟುಂಬದ್ದು. ಮೊಬೈಲ್ ಮಾನಕಗಳನ್ನು ರೂಪಿಸುವ 3ಜಿಪಿಪಿ ಒಕ್ಕೂಟದ 2017ರ ಬಿಡುಗಡೆ 14ರಲ್ಲಿ ಬಂತು. ಎರಡೂ ಟವರ್ ಇಲ್ಲದೆ ನೇರವಾಗಿ ವಾಹನದಿಂದ ವಾಹನಕ್ಕೆ ಕಳಿಸಬಲ್ಲವು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು, ಅದೇ ದೊಡ್ಡ ಫಜೀತಿ.

ಜಂಕ್ಷನ್ ದೃಷ್ಟಿಯಿಂದ ಸಿ-ವಿ2ಎಕ್ಸ್‌ನ ಒಂದು ಗುಣ ಗಮನಿಸಬೇಕು. ಅಲ್ಲಿ ಉಪಕರಣ ತನ್ನ ಸರದಿಯ ಜಾಗವನ್ನು ಆರಿಸಿಕೊಂಡು 5ರಿಂದ 15 ಸಂದೇಶಗಳವರೆಗೆ ಅದನ್ನೇ ಬಳಸುತ್ತದೆ. ಮೂಲೆಯ ಎರಡು ಬದಿಯ ವಾಹನಗಳು ಪರಸ್ಪರ ಕೇಳಿಸದೆ ಅದೇ ಜಾಗ ಆರಿಸಿಕೊಂಡರೆ ಅರ್ಧದಿಂದ ಒಂದೂವರೆ ಸೆಕೆಂಡ್ ಎರಡೂ ಕುರುಡು. ಡಿಎಸ್‌ಆರ್‌ಸಿಯಲ್ಲಿ ಸಂದೇಶ ತಪ್ಪುವುದು ಬಿಡಿಬಿಡಿಯಾಗಿ. ಆದರೂ ದೂರ ಮುಟ್ಟುವುದರಲ್ಲಿ ಸಿ-ವಿ2ಎಕ್ಸ್ ಮೇಲು. ಚೀನಾ ಅದನ್ನೇ ಆರಿಸಿಕೊಂಡಿದೆ, ಅಮೆರಿಕವೂ ಈಗ ಅದೇ ದಾರಿ ಹಿಡಿದಿದೆ. ಹೊಸದಾಗಿ ಶುರುಮಾಡುವವರು ಡಿಎಸ್‌ಆರ್‌ಸಿಗೆ ಹಣ ಹಾಕಲು ಇಂದು ಕಾರಣ ಕಾಣುವುದಿಲ್ಲ.

## ಜಂಕ್ಷನ್‌ನಲ್ಲಿ ಅಳವಡಿಸುವವರಿಗೆ

ಒಂದು ಜಂಕ್ಷನ್‌ಗೆ ಏನೇನು ಸಾಮಾನು ಬೇಕು?

ಒಂದು ಆರ್‌ಎಸ್‌ಯು, ಸಿಗ್ನಲ್ ಕಂಟ್ರೋಲರ್‌ನಿಂದ ಅದಕ್ಕೊಂದು ಈಥರ್‌ನೆಟ್ ಸಂಪರ್ಕ, ಬರುವ ಪ್ರತಿ ರಸ್ತೆಗೂ ಒಂದು ರಾಡಾರ್ ಅಥವಾ ಕ್ಯಾಮೆರಾ, ಆ ಚಿತ್ರಗಳನ್ನು ಅಲ್ಲೇ ಸಂಸ್ಕರಿಸುವ ಒಂದು ಕಂಪ್ಯೂಟರ್, ಯುಪಿಎಸ್, ಮಿಂಚಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್.

ಆರ್‌ಎಸ್‌ಯುವನ್ನು ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಆಂಟೆನಾವನ್ನಷ್ಟೇ ಮೇಲಿಡುವುದು ಕೆಲವರ ರೂಢಿ, ಬೇಡ. 5.9 ಗಿಗಾಹರ್ಟ್ಸ್‌ನಲ್ಲಿ ಎಲ್‌ಎಂಆರ್-400ರಂಥ ಒಳ್ಳೆಯ ಕೇಬಲ್ ಕೂಡ ಹತ್ತು ಮೀಟರ್‌ಗೆ ಮೂರೂವರೆ ಡೆಸಿಬೆಲ್ ನುಂಗುತ್ತದೆ. ಕಳಿಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೇಬಲ್‌ನಲ್ಲೇ ಬಿಸಿಯಾಗಿ ಹೋಯಿತು ಎಂದರ್ಥ. ಘಟಕವನ್ನೇ ಮೇಲಿಟ್ಟು ಕೆಳಗಿನಿಂದ ಒಂದೇ ಕ್ಯಾಟ್-6 ತಂತಿಯಲ್ಲಿ ಕರೆಂಟನ್ನೂ ಡೇಟಾವನ್ನೂ ಕೊಡಿ. ತಂತಿಯ ಉದ್ದ 100 ಮೀಟರ್ ಮೀರಬಾರದು.

ಆಂಟೆನಾ ಆರರಿಂದ ಎಂಟು ಮೀಟರ್ ಎತ್ತರದಲ್ಲಿರಲಿ. 200 ಮೀಟರ್ ದೂರದ ಸಂಪರ್ಕಕ್ಕೆ ನಡುವೆ ಒಂದೂವರೆ ಮೀಟರ್‌ಗೂ ಹೆಚ್ಚು ತ್ರಿಜ್ಯದ ಜಾಗ ಖಾಲಿ ಬೇಕು. ನಾಲ್ಕು ಮೀಟರ್‌ನಲ್ಲಿಟ್ಟರೆ ಪ್ರತಿ ಬಸ್ಸೂ ಗೋಡೆಯಾಗುತ್ತದೆ.

ಬೇಸಿಗೆಯಲ್ಲಿ ಅಳವಡಿಸಿದ್ದು ಮಳೆಗಾಲದಲ್ಲಿ ಕುರುಡಾಗುವುದುಂಟು. ಹೊಂಗೆ, ರೇನ್‌ಟ್ರೀ ಕೊಂಬೆಗಳು ಚಿಗುರಿ ಕ್ಯಾಮೆರಾ ಮುಚ್ಚುತ್ತವೆ, ಒದ್ದೆ ಎಲೆ 5.9 ಗಿಗಾಹರ್ಟ್ಸ್ ಅಲೆಯನ್ನೂ ಹೀರುತ್ತದೆ. ಹಬ್ಬ, ಚುನಾವಣೆ ಬಂದರೆ ಫ್ಲೆಕ್ಸ್ ಕಟ್ಟಲು ಜನರಿಗೆ ಸಿಗುವುದೂ ಅದೇ ಕಂಬ. ತಿಂಗಳಿಗೊಮ್ಮೆ ಕ್ಯಾಮೆರಾದ ಚಿತ್ರದಲ್ಲಿ ಸ್ಟಾಪ್‌ಲೈನ್ ಇದ್ದಲ್ಲೇ ಇದೆಯೇ ಎಂದು ನೋಡಿ. ಕಂಬಕ್ಕೆ ಲಾರಿ ತಾಗಿದ್ದರೆ ಗೊತ್ತಾಗುವುದು ಹಾಗೆಯೇ.

ಜಂಕ್ಷನ್ ನಕ್ಷೆ ಅಂದ್ರೆ ಸ್ಯಾಟಲೈಟ್ ಚಿತ್ರದಿಂದ ಎತ್ತಿದ್ರೆ ಆಗಲ್ವಾ?

ಉಪಗ್ರಹ ಚಿತ್ರ ಕೆಲವೆಡೆ ಹಲವು ಮೀಟರ್ ಸರಿದಿರುತ್ತದೆ. ಅದರ ಮೇಲೆ ಗೆರೆ ಎಳೆದರೆ ಇಡೀ ಜಂಕ್ಷನ್ ಪಕ್ಕದ ಲೇನ್‌ಗೆ ಸರಿಯುತ್ತದೆ. ಸೆಂಟಿಮೀಟರ್ ಮಟ್ಟದಲ್ಲಿ ಜಾಗ ಹೇಳುವ ಆರ್‌ಟಿಕೆ ರಿಸೀವರ್ ಹಿಡಿದು ಸ್ಥಳದಲ್ಲೇ ಅಳೆಯಿರಿ. ಕ್ರಮ ಹೀಗೆ: ಮೊದಲು ಜಂಕ್ಷನ್ ನಡುವೆ ಒಂದು ಮೂಲಬಿಂದು, ಆಮೇಲೆ ಪ್ರತಿ ಲೇನ್‌ನ ಮೊದಲ ಬಿಂದು ಸ್ಟಾಪ್‌ಲೈನ್‌ನಲ್ಲಿ, ಅಲ್ಲಿಂದ ಜಂಕ್ಷನ್‌ಗೆ ಬೆನ್ನುಹಾಕಿ ಹೊರಗೆ ಹೋಗುತ್ತಾ ಉಳಿದವು. ಅವುಗಳ ಅಂತರವನ್ನು ಸೆಂಟಿಮೀಟರ್‌ನಲ್ಲಿ ಬರೆಯಬೇಕು. ಬಿಂದುಗಳನ್ನು ತಿರುಗುಮುರುಗು ಮಾಡಿದರೆ ಬರುವ ವಾಹನ ಹೋಗುವ ವಾಹನವಾಗುತ್ತದೆ.

ಹೆಚ್ಚು ಅಪಾಯದ ತಪ್ಪು ಬೇರೆ: ಲೇನ್‌ಗೂ ದೀಪದ ಗುಂಪಿಗೂ ಇರುವ ಜೋಡಣೆ. ಕಂಟ್ರೋಲರ್‌ನಲ್ಲಿ ಹಂತಗಳ ಸಂಖ್ಯೆ ಬದಲಿಸಿ ನಕ್ಷೆಯಲ್ಲಿ ಬದಲಿಸದಿದ್ದರೆ ಕೆಂಪು ನೋಡುತ್ತಿರುವ ಕಾರಿಗೆ ಹಸಿರು ಎಂಬ ಸಂದೇಶ ಹೋಗುತ್ತದೆ. ಪ್ರತಿ ಬದಲಾವಣೆಯ ನಂತರ ನಾಲ್ಕೂ ದಿಕ್ಕಿನಿಂದ ಒಮ್ಮೆ ಗಾಡಿ ಓಡಿಸಿ ಪರದೆ, ದೀಪ ಎರಡನ್ನೂ ತಾಳೆ ನೋಡಲೇಬೇಕು.

ಲೇನ್ ಗೆರೆಗೆ ಯಾರೂ ಬೆಲೆ ಕೊಡದ ರಸ್ತೆಯಲ್ಲಿ ಲೇನ್ ಮಟ್ಟದ ಎಚ್ಚರಿಕೆಯ ಹಟ ಬೇಡ. ರಸ್ತೆ ಮಟ್ಟದಲ್ಲಿ, ಅಂದರೆ ಈ ದಿಕ್ಕಿನಿಂದ ಬರುವ ವಾಹನ ಎಂದಷ್ಟೇ ಲೆಕ್ಕ ಹಾಕಿದರೆ ಸುಳ್ಳು ಅಲಾರ್ಮ್ ಕಡಿಮೆ.

ಸಿಗ್ನಲ್ ಬದಲಾಗೋ ಸಮಯ ಪೂರ್ತಿ ತಪ್ಪು ಬರ್ತಿದೆ. ಎಲ್ಲಾ ಸರಿ ಇದೆ, ಆದ್ರೂ!

ಎರಡು ಜಾಗ ನೋಡಿ. ಒಂದು, ತಪ್ಪು ಸರಿಯಾಗಿ 30 ನಿಮಿಷವೇ? ಸ್ಪಾಟ್ ಸಂದೇಶದಲ್ಲಿ ಸಮಯವನ್ನು ಯುಟಿಸಿಯ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದ, ಆ ಗಂಟೆ ಶುರುವಾದಲ್ಲಿಂದ ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಾರೆ. ಗಡಿಯಾರ ಯುಟಿಸಿಯಿಂದ ಪೂರ್ಣ ಗಂಟೆಗಳಷ್ಟು ಸರಿದಿರುವ ದೇಶದಲ್ಲಿ ಕಂಟ್ರೋಲರ್ ಸ್ಥಳೀಯ ಸಮಯ ಬಳಸಿದರೂ ಗಂಟೆಯೊಳಗಿನ ನಿಮಿಷ ಒಂದೇ, ತಪ್ಪು ಕಾಣಿಸುವುದಿಲ್ಲ. ಭಾರತದ ಸಮಯ ಐದೂವರೆ ಗಂಟೆ ಮುಂದೆ. ಆ ಅರ್ಧ ಗಂಟೆ 18,000 ಎಣಿಕೆಯಾಗಿ ಎದ್ದು ನಿಲ್ಲುತ್ತದೆ. ಹೊರದೇಶದಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ಸಾಫ್ಟ್‌ವೇರ್ ಕೂಡ ಇಲ್ಲಿ ಎಡವಬಹುದು.

ಎರಡು, ತಪ್ಪು 18 ಸೆಕೆಂಡೇ? ಜಿಪಿಎಸ್ ಸಮಯಕ್ಕೂ ಯುಟಿಸಿಗೂ 18 ಸೆಕೆಂಡ್ ವ್ಯತ್ಯಾಸವಿದೆ. ಪರಮಾಣು ಗಡಿಯಾರಗಳ ಸಮಯವಾದ ಟಿಎಐಗೂ ಯುಟಿಸಿಗೂ 37. ರಿಸೀವರ್ ಆನ್ ಆದ ಮೊದಲ ಕೆಲವು ನಿಮಿಷ ಈ ತಿದ್ದುಪಡಿ ಉಪಗ್ರಹದಿಂದ ಇನ್ನೂ ಬಂದಿರುವುದಿಲ್ಲ. ಕರೆಂಟು ಹೋಗಿ ಬಂದ ಮೇಲೆ ಮಾತ್ರ ತಪ್ಪು ಕಂಡು, ಹದಿನೈದು ನಿಮಿಷದಲ್ಲಿ ತಾನೇ ಸರಿಹೋದರೆ ಕಾರಣ ಇದೇ. ತಿದ್ದುಪಡಿ ಸಿಗುವವರೆಗೆ ಬಿತ್ತರಿಸದಿರುವಂತೆ ಹೊಂದಿಸಿ.

ಟ್ರಾಫಿಕ್ ನೋಡಿ ತಾನೇ ಹೊಂದಿಕೊಳ್ಳೋ ಸಿಗ್ನಲ್‌ನಲ್ಲಿ ಎಷ್ಟು ಸೆಕೆಂಡ್ ಉಳಿದಿದೆ ಅಂತ ಹೇಗೆ ಹೇಳೋದು?

ಖಚಿತವಾಗಿ ಹೇಳಲಾಗದು, ಹೇಳಲೂಬಾರದು. ತಿರುವನಂತಪುರದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ, ಬೆಂಗಳೂರಿನಲ್ಲೂ ಬಳಕೆಯಲ್ಲಿರುವ ಕೋಸಿಕಾಸ್ಟ್‌ನಂಥ ವ್ಯವಸ್ಥೆಯಲ್ಲಿ ಹಸಿರಿನ ಅವಧಿ ಸಾಲಿನ ಉದ್ದದ ಮೇಲೆ ಬದಲಾಗುತ್ತದೆ. ಸ್ಪಾಟ್‌ನಲ್ಲಿ ಇದಕ್ಕೆಂದೇ ಕನಿಷ್ಠ ಮುಗಿಯುವ ಹೊತ್ತು, ಗರಿಷ್ಠ, ಸಂಭವನೀಯ ಎಂದು ಮೂರು ಮನೆಗಳಿವೆ. ಕೆಂಪು ದಾಟುವ ಎಚ್ಚರಿಕೆಗೆ ಕನಿಷ್ಠವನ್ನೇ ಬಳಸಿ. ಟ್ರಾಫಿಕ್ ಪೊಲೀಸರು ಕೈಯಿಂದ ನಡೆಸಲು ಶುರುಮಾಡಿದಾಗ ಆ ಸ್ಥಿತಿಯೂ ಸಂದೇಶದಲ್ಲಿ ಹೋಗಬೇಕು. ಆಗ ಉಳಿದ ಸೆಕೆಂಡ್ ಹೇಳುವುದನ್ನು ನಿಲ್ಲಿಸಬೇಕು.

## ಇನ್ನಷ್ಟು ಆಳಕ್ಕೆ

ಹತ್ತರಲ್ಲಿ ಒಂದು ಗಾಡಿಗೆ ಮಾತ್ರ ಇದ್ರೆ ಏನು ಪ್ರಯೋಜನ?

ವಾಹನದಿಂದ ವಾಹನಕ್ಕೆ ಮಾತ್ರ ನಂಬಿದರೆ ಬಹಳ ಕಡಿಮೆ. ಡಿಕ್ಕಿಯ ಇಬ್ಬರಲ್ಲೂ ಉಪಕರಣ ಬೇಕಲ್ಲ. 10% ವಾಹನಕ್ಕಿದ್ದರೆ ಎರಡಕ್ಕೂ ಇರುವ ಸಾಧ್ಯತೆ 1%. 30% ಆದರೆ 9%, ಅರ್ಧಕ್ಕರ್ಧ ಬಂದರೂ 25% ಅಷ್ಟೆ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ 1,68,491 ಜನರಲ್ಲಿ 44.5% ದ್ವಿಚಕ್ರ ಸವಾರರು. ದುಬಾರಿ ಕಾರುಗಳಿಗೆ ಮೊದಲು ಬರುವ ಉಪಕರಣ ಅವರನ್ನು ಮುಟ್ಟುವುದು ತೀರಾ ತಡವಾಗಿ.

ಆದ್ದರಿಂದಲೇ ನಮ್ಮಲ್ಲಿ ಕಂಬದಿಂದ ಶುರುಮಾಡುವುದು ಸರಿ. ಜಂಕ್ಷನ್‌ನ ರಾಡಾರ್, ಕ್ಯಾಮೆರಾ ಕಂಡ ಬೈಕು, ಪಾದಚಾರಿಗಳ ಪರವಾಗಿ ಆರ್‌ಎಸ್‌ಯು ಸಂದೇಶ ಕಳಿಸುತ್ತದೆ. ಆಗ ಎಚ್ಚರಿಸಲು ಒಂದೇ ವಾಹನದಲ್ಲಿ ಉಪಕರಣವಿದ್ದರೂ ಸಾಕು. ಇದಕ್ಕೆ ಮಾನಕಗಳೂ ಇವೆ: ಅಮೆರಿಕದ ಜೆ3224, ಯೂರೋಪಿನ ಸಾಮೂಹಿಕ ಗ್ರಹಿಕೆಯ ಸಂದೇಶ. ನಗರ ಸಾರಿಗೆ ಬಸ್ಸು, ಆಂಬುಲೆನ್ಸ್‌ಗಳಿಗೆ ಮೊದಲು ಹಾಕಿದರೆ, ದಿನವಿಡೀ ಅದೇ ಜಂಕ್ಷನ್‌ಗಳಲ್ಲಿ ಓಡಾಡುವ ಭಾರಿ ವಾಹನಗಳಿಗೆ ಬೇಗ ಫಲ ಸಿಗುತ್ತದೆ. ಯಾವ ಉಪಕರಣವೂ ಇಲ್ಲದ ಸವಾರನಿಗಾಗಿ ಅಡ್ಡರಸ್ತೆಯ ಬಾಯಲ್ಲಿ ಮಿನುಗುವ ದೀಪವನ್ನೂ ಅದೇ ಲೆಕ್ಕದಿಂದ ಹೊತ್ತಿಸಬಹುದು. ಅಗ್ಗ, ವಾಹನದಲ್ಲಿ ಯಾವ ಪರದೆಯೂ ಬೇಡ.

ಯಾರೋ ಹುಡುಗರು ಸುಳ್ಳು ಲಾರಿ ಇದೆ ಅಂತ ಸಂದೇಶ ಕಳಿಸಿದ್ರೆ? ನನ್ನ ಗಾಡಿ ಎಲ್ಲಿದೆ ಅಂತ ಯಾರಾದ್ರೂ ಹಿಂಬಾಲಿಸಿದ್ರೆ?

ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ. ಪ್ರಮಾಣಪತ್ರವಿಲ್ಲದವನ ಮಾತನ್ನು ಉಪಕರಣ ಕೇಳುವುದಿಲ್ಲ. ಹಿಂಬಾಲಿಸುವುದನ್ನು ತಡೆಯಲು ಅಮೆರಿಕದ ವಿನ್ಯಾಸದಲ್ಲಿ ವಾಹನಕ್ಕೆ ವಾರಕ್ಕೆ 20 ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು, ಐದು ನಿಮಿಷಕ್ಕೊಮ್ಮೆ ಬದಲಿಸುತ್ತಾರೆ. ಸಂದೇಶದಲ್ಲಿ ನೋಂದಣಿ ಸಂಖ್ಯೆ ಇರುವುದಿಲ್ಲ.

ಸಹಿ ನಿಜವಿದ್ದೂ ಮಾತು ಸುಳ್ಳಾಗಬಹುದು: ಕೆಟ್ಟ ಜಿಪಿಎಸ್, ಅಥವಾ ಕಳವಾದ ಉಪಕರಣ. ಅದಕ್ಕೆ ತರ್ಕದ ಪರೀಕ್ಷೆ ಬೇಕು. ನೂರು ಮಿಲಿಸೆಕೆಂಡಿನಲ್ಲಿ ಮೂವತ್ತು ಮೀಟರ್ ಹಾರಿದ ಲಾರಿ, ಎರಡು ವಾಹನ ಒಂದೇ ಜಾಗದಲ್ಲಿ, ರಾಡಾರ್‌ಗೆ ಕಾಣಬೇಕಾದಲ್ಲಿ ಕಾಣದ ಬಸ್ಸು: ಇವನ್ನು ತಳ್ಳಿಹಾಕಬೇಕು. ಸುತ್ತ 200 ವಾಹನಗಳಿದ್ದರೆ ಸೆಕೆಂಡಿಗೆ 2,000 ಸಹಿ ಪರಿಶೀಲಿಸಬೇಕಾಗುತ್ತದೆ. ಅದಕ್ಕೆ ಪ್ರತ್ಯೇಕ ಚಿಪ್ ಬೇಕು. ಅಗ್ಗದ ಉಪಕರಣದಲ್ಲಿ ಡಿಕ್ಕಿಯ ದಾರಿಯಲ್ಲಿರುವವರ ಸಹಿಯನ್ನಷ್ಟೇ ನೋಡುವುದುಂಟು, ಅದು ಒಪ್ಪಬಹುದಾದ ರಾಜಿ.

ಬೇರೆ ದೇಶದಲ್ಲಿ ಇದು ನಿಜವಾಗಿ ಓಡ್ತಿದೆಯಾ, ಇಲ್ಲ ಬರೀ ಪ್ರದರ್ಶನನಾ?

ಎರಡೂ. ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ 2012ರಲ್ಲಿ ಶುರುವಾದ ಪ್ರಯೋಗದಲ್ಲಿ ಸುಮಾರು 2,800 ವಾಹನಗಳಿದ್ದವು. ಹೊಸ ಕಾರುಗಳಿಗೆಲ್ಲ ಕಡ್ಡಾಯ ಮಾಡುವ ಪ್ರಸ್ತಾವ 2017ರ ಜನವರಿಯಲ್ಲಿ ಬಂತು, 2023ರಲ್ಲಿ ಹಿಂದೆ ಸರಿಯಿತು. ಈ ನಡುವೆ 2020ರಲ್ಲಿ ಅಲ್ಲಿನ ಸಂವಹನ ಆಯೋಗ, 1999ರಲ್ಲಿ ಮೀಸಲಿಟ್ಟಿದ್ದ 75 ಮೆಗಾಹರ್ಟ್ಸ್‌ನಲ್ಲಿ 45ನ್ನು ವೈಫೈಗೆ ಕೊಟ್ಟುಬಿಟ್ಟಿತು. ಇಪ್ಪತ್ತು ವರ್ಷ ಯಾರು ಮೊದಲು ಎಂದು ಎಲ್ಲರೂ ಕಾಯುತ್ತ ಕುಳಿತರೆ ಹೀಗಾಗುತ್ತದೆ.

ಯೂರೋಪಿನಲ್ಲಿ ಫೋಕ್ಸ್‌ವ್ಯಾಗನ್ ಎಂಟನೇ ತಲೆಮಾರಿನ ಗಾಲ್ಫ್‌ನಲ್ಲಿ ವೈಫೈ ಮಾದರಿಯ ರೇಡಿಯೊ ಕೊಟ್ಟಿತು. ನಮಗೆ ಹೆಚ್ಚು ಕಲಿಸುವುದು ಜಪಾನ್, ಏಕೆಂದರೆ ಅವರೂ ಎಡಬದಿ ಓಡಿಸುವವರು. 2015ರಲ್ಲಿ ಟೊಯೊಟಾ ಕ್ರೌನ್ ಕಾರಿನಲ್ಲಿ ಬಂದ ಐಟಿಎಸ್ ಕನೆಕ್ಟ್‌ನಲ್ಲಿ ಬಲತಿರುವಿಗೆ ಕಾಯುತ್ತಿರುವ ಚಾಲಕ ಹೊರಡಲು ಅಣಿಯಾದಾಗ, ಎದುರಿನ ವಾಹನವನ್ನೋ ರಸ್ತೆ ದಾಟುವವರನ್ನೋ ಕಂಬದ ಸೆನ್ಸರ್ ಕಂಡು ಎಚ್ಚರಿಸುತ್ತದೆ. ಎದುರಿನ ವಾಹನದಲ್ಲಿ ಏನೂ ಇರಬೇಕಿಲ್ಲ.

ಕೊನೆ ವರ್ಷದ ಪ್ರಾಜೆಕ್ಟ್‌ಗೆ ಇದನ್ನ ಮಾಡಬಹುದಾ? ಎಲ್ಲಿಂದ ಶುರು ಮಾಡೋದು?

ಮೊದಲು ಕಾನೂನು. 5.9 ಗಿಗಾಹರ್ಟ್ಸ್ ರೇಡಿಯೊ ತರಿಸಿ ಹಾಗೇ ಆನ್ ಮಾಡಬೇಡಿ. ಭಾರತದಲ್ಲಿ ಲೈಸೆನ್ಸ್ ಬೇಡದ 5 ಗಿಗಾಹರ್ಟ್ಸ್ ವೈಫೈ ಪಟ್ಟಿ 2018ರ ಅಧಿಸೂಚನೆಯಂತೆ 5,875 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅದರಾಚೆಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗವನ್ನು ಕೇಳಿ, ಪ್ರಾಯೋಗಿಕ ಲೈಸೆನ್ಸ್ ಪಡೆಯಿರಿ.

ಮಾದರಿಗೆ ಇಎಸ್‌ಪಿ32 ಬೋರ್ಡ್ ಎರಡು, ಅದರ ಇಎಸ್‌ಪಿ-ನೌ ವಿಧಾನ, 2.4 ಗಿಗಾಹರ್ಟ್ಸ್ ಸಾಕು. ಇಎಸ್‌ಪಿ-ನೌನ ಮೊದಲ ಆವೃತ್ತಿಯಲ್ಲಿ ಒಂದು ಸಂದೇಶ 250 ಬೈಟ್ ದಾಟಬಾರದು. ಹೆಚ್ಚಿನವರು ನಿಯೋ-6ಎಂ ಜಿಪಿಎಸ್ ಕೊಳ್ಳುತ್ತಾರೆ. ಅದು ಬರುವಾಗ ಸೆಕೆಂಡಿಗೆ ಒಂದು ಸಲ ಮಾತ್ರ ಕೊಡುವಂತೆ ಇರುತ್ತದೆ. ಐದಕ್ಕೆ ಏರಿಸಿದ ಕೂಡಲೆ ಸಾಲುಗಳು ಕತ್ತರಿಸಿ ಬರಲು ಶುರುವಾಗುತ್ತವೆ, ಏಕೆಂದರೆ 9,600 ಬಾಡ್‌ನಲ್ಲಿ ಸೆಕೆಂಡಿಗೆ 960 ಬೈಟ್ ಮಾತ್ರ ಹೋಗುತ್ತದೆ. ಬಾಡ್ ದರವನ್ನು 38,400ಕ್ಕೆ ಏರಿಸಿ, ಬೇಡದ ಸಾಲುಗಳನ್ನು ನಿಲ್ಲಿಸಿ.

ಲೆಕ್ಕವನ್ನು ಪರೀಕ್ಷಿಸಲು ಸುಮೋ ಎಂಬ ಉಚಿತ ಸಿಮ್ಯುಲೇಟರ್ ಇದೆ. ರೇಡಿಯೊ ಭಾಗಕ್ಕೆ ಓಮ್‌ನೆಟ್++ ಮತ್ತು ವೇನ್ಸ್. ಜಾಲ ಕಟ್ಟುವಾಗ ಎಡಬದಿ ಸಂಚಾರದ ಆಯ್ಕೆ ಹಾಕಿ, ಬೈಕುಗಳು ಪಕ್ಕಪಕ್ಕ ನುಸುಳಲು ಲೇನ್‌ನ ಅಡ್ಡ ವಿಭಜನೆಯನ್ನು ಸಕ್ರಿಯಗೊಳಿಸಿ. ಸುಮೋದ ಚಾಲಕರು ಹುಟ್ಟು ಸಂಭಾವಿತರು, ಜಂಕ್ಷನ್‌ನಲ್ಲಿ ಡಿಕ್ಕಿಯನ್ನೇ ಮಾಡುವುದಿಲ್ಲ. ಅಡ್ಡ ಬರುವವರನ್ನು ಕಡೆಗಣಿಸುವ ಸಾಧ್ಯತೆಯನ್ನು ಕೆಲವು ವಾಹನಕ್ಕೆ ಕೊಟ್ಟು, ಜಂಕ್ಷನ್ ಒಳಗಿನ ಡಿಕ್ಕಿ ಪರಿಶೀಲನೆಯನ್ನೂ ಆನ್ ಮಾಡಿ. ಇಲ್ಲದಿದ್ದರೆ ನಿಮ್ಮ ವ್ಯವಸ್ಥೆ ಇದ್ದರೂ ಸೊನ್ನೆ ಅಪಘಾತ, ಇಲ್ಲದಿದ್ದರೂ ಸೊನ್ನೆ; ಮೌಲ್ಯಮಾಪಕರು ಕೇಳುವ ಮೊದಲ ಪ್ರಶ್ನೆಯೇ ಅದು.

ಮುಂದೆ ಸಿಗ್ನಲ್ಲೇ ಬೇಡ, ಗಾಡಿಗಳೇ ಮಾತಾಡಿಕೊಂಡು ದಾಟ್ತವೆ ಅಂತಾರೆ. ಆಗುತ್ತಾ?

ಟೆಕ್ಸಾಸ್ ವಿಶ್ವವಿದ್ಯಾಲಯದ ಕರ್ಟ್ ಡ್ರೆಸ್ನರ್, ಪೀಟರ್ ಸ್ಟೋನ್ 2004ರಲ್ಲೇ ಈ ಪದ್ಧತಿ ಮುಂದಿಟ್ಟರು. ವಾಹನ ಜಂಕ್ಷನ್‌ನ ಚೌಕಗಳನ್ನು ಇಂತಿಷ್ಟು ಹೊತ್ತಿಗೆಂದು ಮೊದಲೇ ಕಾಯ್ದಿರಿಸುತ್ತದೆ, ಸಿಕ್ಕರೆ ನಿಲ್ಲದೆ ದಾಟುತ್ತದೆ, ಇಲ್ಲದಿದ್ದರೆ ನಿಧಾನಿಸಿ ಮತ್ತೆ ಕೇಳುತ್ತದೆ. ಸಿಮ್ಯುಲೇಷನ್‌ನಲ್ಲಿ ಕಾಯುವ ಹೊತ್ತು ಸಿಗ್ನಲ್‌ಗಿಂತ ಬಹಳ ಕಡಿಮೆ. ಆದರೆ ಅದರ ಪೂರ್ತಿ ಲಾಭಕ್ಕೆ ಬಹುಪಾಲು ಎಲ್ಲ ವಾಹನವೂ ಚಾಲಕರಹಿತವಾಗಿರಬೇಕು. ಮನುಷ್ಯ ಓಡಿಸುವ ವಾಹನಗಳಿಗೆ ದೀಪ ಉಳಿಸಿಕೊಂಡ ತಕ್ಷಣ ಆ ಲಾಭ ಕರಗತೊಡಗುತ್ತದೆ. ಬಂದರು, ಗಣಿ, ಕಾರ್ಖಾನೆ ಆವರಣದಂಥ ಮುಚ್ಚಿದ ಜಾಗಕ್ಕೆ ಹೊಂದುವ ಉಪಾಯ. ಆಟೋ, ಸೈಕಲ್, ತಳ್ಳುಗಾಡಿ ಹಾಯುವ ಸರ್ಕಲ್‌ಗೆ ಈಗ ಬೇಕಿರುವುದು ಬಲತಿರುವಿನ ಎಚ್ಚರಿಕೆ ಮತ್ತು ಕಾಣುವಂತೆ ಬಳಿದ ಸ್ಟಾಪ್‌ಲೈನ್.